ಏಳನೇ ನಂಬರಿನ ಕಚ್ಚುಮೇಣ

ಫೋನು ಬಂದಾಗ ದವಡೆ ಮೇಷ್ಟ್ರು ಯಾವುದೋ ಮಗುವಿನ ಅಂಗುಳಿಗೆ ಪಾಲಿಶ್ ಹಾಕುತ್ತಿದ್ದರು. ಮಗು ಅಲ್ಲಿರಲಿಲ್ಲ. ಅದರ ಅಂಗುಳಿನ ಆಕಾರಕ್ಕೆ ಎರೆದ ಅಕ್ರಿಲಿಕ್ ತಟ್ಟೆಯೊಂದು ಮೇಷ್ಟ್ರ ಬೆರಳುಗಳ ನಡುವೆ, ಗಿರ್ರೆಂದು ತಿರುಗುವ ಬಟ್ಟೆಯ ಚಕ್ರಕ್ಕೆ ಮುಖವೊಡ್ಡಿಕೊಂಡು ಕೂತಿತ್ತು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸುವುದು ಮೇಷ್ಟ್ರ ಹಳೆಯ ಪದ್ಧತಿ. ಎರಡು ಕೆಲಸ ಒಟ್ಟಿಗೆ ಮಾಡಬಲ್ಲವರು ಊರಲ್ಲಿ ತಾವೊಬ್ಬರೇ ಎಂದು ಅವರ ನಂಬಿಕೆ.

"ಮೇಷ್ಟ್ರೇ, ನಾಲ್ಕು ಗಂಟೆಗೆ ಬರ್ತೀರಲ್ಲ? ಬರುವಾಗ ಏಳನೇ ನಂಬರಿನ ಡಬ್ಬಿ ತಗೊಂಡು ಬನ್ನಿ. ಅಚ್ಚು ಎರಡೂ ಇರಲಿ, ಕಚ್ಚುಮೇಣಾನೂ ಇರಲಿ," ಎಂದರು ಡಾಕ್ಟರಮ್ಮ.

"ಕಚ್ಚುಮೇಣ ಯಾಕೆ ಡಾಕ್ಟ್ರೇ?"

"ಸುಮ್ನೆ. ಕಟ್ಟು ಸರಿಯಾಗೇ ಇತ್ತು ಅಂತ ಒಂದು ಸಲ ನೋಡಿ ಬರೆದುಬಿಟ್ರೆ, ತಪ್ಪು ಮಗೂದೇ ಅಂತ ಮುಗಿಸಬಹುದು. ಹಾಕ್ಕೊಂಡೇ ಇಲ್ಲ ಅದು. ಇನ್ನೇನಿರುತ್ತೆ?"

"ಹೌದು, ಇನ್ನೇನಿರುತ್ತೆ," ಎಂದರು ಮೇಷ್ಟ್ರು.

ಫೋನು ಕೆಳಗಿಟ್ಟು ನೋಡಿಕೊಂಡರೆ, ತಟ್ಟೆಯ ಒಂದು ಅಂಚು ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಮೂವತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವರ ಕೈಯಲ್ಲಿ ಒಂದು ಅಂಗುಳು ಹಾಳಾಗಿತ್ತು. ಚಕ್ರ ನಿಲ್ಲಿಸಿದರು. ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು.

ಏಳನೇ ನಂಬರು ಎಂದರೆ ಅವರ ಮಗಳ ಮಗಳು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಕ್ಕಳ ಬಾಯಿಗೆ ಹಾಕುವ ಕಟ್ಟುಗಳನ್ನು ತಯಾರಿಸುವುದೇ ಅವರ ಕಸುಬು. ಆದರೂ ಆ ಹೆಸರು ಅಂಟಿಕೊಂಡಿತ್ತು, ಏಕೆಂದರೆ ಅವರ ಹತ್ತಿರ ಗಂಟೆ ಎಷ್ಟಾಯಿತೆಂದು ಕೇಳಿದರೂ ಉತ್ತರ ಒಂದು ಪಾಠವಾಗಿ ಬರುತ್ತಿತ್ತು. ಅಂಗಡಿಯಲ್ಲಿ ಚಿಲ್ಲರೆಗಾಗಿ ಕಾಯುತ್ತ ನಿಂತವರಿಗೆ ಅವರು ಹೇಳುತ್ತಿದ್ದ ಪಾಠ ಹೀಗೆ: ಕೆಲವು ಮಕ್ಕಳಿಗೆ ಮೇಲಿನ ಹಲ್ಲು ಮುಂದೆ ಬಂದಿದೆ ಅಂತ ಎಲ್ಲ ಆಡಿಕೊಳ್ಳುತ್ತಾರೆ. ಪಾಪ, ಮೇಲಿನ ಹಲ್ಲು ತನ್ನ ಜಾಗದಲ್ಲೇ ಇರುತ್ತದೆ. ಕೆಳದವಡೆ ಸೋಮಾರಿಯಾಗಿ ಹಿಂದೆ ಉಳಿದಿರುತ್ತದೆ. ಮಗು ಬೆಳೆಯುವ ವಯಸ್ಸಿನಲ್ಲಿ, ಹನ್ನೊಂದು ಹನ್ನೆರಡರಲ್ಲಿ, ಆ ದವಡೆಯನ್ನು ಹಿಡಿದು ಮುಂದೆ ನಿಲ್ಲಿಸಿಬಿಟ್ಟರೆ ಬೆಳವಣಿಗೆ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಆ ವಯಸ್ಸು ದಾಟಿತೋ, ಆಮೇಲೆ ಹಲ್ಲು ಕೀಳುವುದು, ಇಲ್ಲವೇ ಮೂಳೆ ಕೊಯ್ಯುವುದು.

"ದವಡೆ ಹಿಡಿದು ನಿಲ್ಲಿಸೋನು ನಾನು," ಎಂದು ಪಾಠ ಮುಗಿಯುತ್ತಿತ್ತು. ಅಷ್ಟರಲ್ಲಿ ಕೇಳುವವರು ಚಿಲ್ಲರೆ ಬಿಟ್ಟೇ ಹೋಗಿರುತ್ತಿದ್ದರು.

ದವಡೆ ಎಷ್ಟು ಮುಂದೆ ನಿಲ್ಲಬೇಕೆಂದು ಹೇಳುವುದೇ ಕಚ್ಚುಮೇಣ. ಡಾಕ್ಟರು ಬೆಚ್ಚಗಿನ ಮೇಣದ ಸುರುಳಿಯನ್ನು ಮಗುವಿನ ಹಲ್ಲುಗಳ ನಡುವೆ ಇಟ್ಟು, ಗದ್ದ ಹಿಡಿದು, ದವಡೆಯನ್ನು ಬೇಕಾದಷ್ಟು ಮುಂದೆ ತಂದು ಕಚ್ಚಿಸುತ್ತಾರೆ. ಮೇಣ ಆರಿ ಗಟ್ಟಿಯಾದ ಮೇಲೆ ಅದು ಮೇಷ್ಟ್ರ ಕೈ ಸೇರುತ್ತದೆ. ಮೇಲಿನ ಹಲ್ಲಿನ ಅಚ್ಚು, ಕೆಳಗಿನ ಹಲ್ಲಿನ ಅಚ್ಚು, ನಡುವೆ ಈ ಮೇಣ. ಅದು ಹೇಳಿದ ಜಾಗದಲ್ಲೇ ದವಡೆ ನಿಲ್ಲುವಂತೆ ಕಟ್ಟು ತಯಾರಾಗಬೇಕು. ಮೇಣ ಒಂದಿಷ್ಟು ಬೆಚ್ಚಗಾದರೂ ಕಚ್ಚು ಜಾರುತ್ತದೆ. ಹೀಗಾಗಿ ಮೇಷ್ಟ್ರ ಕೆಲಸದ ಕೋಣೆಯ ಬಾಗಿಲಿಗೆ ಒಂದು ಫಲಕ: "ಕಚ್ಚುಮೇಣವನ್ನು ಬಿಸಿಲಿನಲ್ಲಿ ಇಡಬಾರದು. ಇಟ್ಟವರ ದವಡೆಗೆ ನಾವು ಜವಾಬ್ದಾರರಲ್ಲ." ಅಕ್ಷರ ಅವರದೇ. ಓದದೆ ಒಳಗೆ ಬಂದವರನ್ನು ವಾಪಸ್ಸು ಕಳಿಸಿ ಓದಿಸಿದ್ದೂ ಉಂಟು.

ಎರಡು ಬಗೆಯ ಕಟ್ಟುಗಳನ್ನು ಹೋಲಿಸಿ ನೋಡೋಣ ಎಂದವರು ಡಾಕ್ಟರಮ್ಮ. ಅವರ ಅಪ್ಪ ಡಾಕ್ಟರಾಗಿದ್ದ ಕಾಲದಿಂದ ಆ ಆಸ್ಪತ್ರೆಯಲ್ಲಿ ಮಕ್ಕಳಿಗೆ ಒಂಟಿಕಟ್ಟು ಕೊಡುವುದು ರೂಢಿ. ಮೇಲಿನ ದವಡೆಗೂ ಕೆಳಗಿನ ದವಡೆಗೂ ಸೇರಿ ಒಂದೇ ಗಟ್ಟಿ. ಬಾಯಿಗೆ ಹಾಕಿಕೊಂಡರೆ ಮಾತು ಬಂದ್. ಶಾಲೆಗೆ ಹಾಕಿಕೊಂಡು ಹೋಗುವಂತಿಲ್ಲ. ಸಂಜೆ ಹಾಕಿಕೊಂಡು ಬೆಳಗ್ಗೆ ತೆಗೆಯಬೇಕು, ದಿನಕ್ಕೆ ಹದಿನಾಲ್ಕು ಗಂಟೆ. ಡಾಕ್ಟರಮ್ಮ ತಾವೇ ಹನ್ನೆರಡರಲ್ಲಿ ಮೇಷ್ಟ್ರು ಮಾಡಿದ ಒಂಟಿಕಟ್ಟು ಹಾಕಿಕೊಂಡವರು. ಅವರು ಸಭೆಗಳಲ್ಲಿ ಗದ್ದವೆತ್ತಿ ಮಾತಾಡುವುದನ್ನು ಕಂಡಾಗಲೆಲ್ಲ ಮೇಷ್ಟ್ರು ಪಕ್ಕದವರಿಗೆ, "ಆ ಗದ್ದ ನಂದೇ," ಎನ್ನುತ್ತಿದ್ದರು.

ಈಗ ಎಲ್ಲ ಕಡೆ ಬಂದಿರುವುದು ಜೋಡಿಕಟ್ಟು. ಮೇಲಕ್ಕೊಂದು ತಟ್ಟೆ, ಕೆಳಕ್ಕೊಂದು ತಟ್ಟೆ, ಎರಡಕ್ಕೂ ಇಳಿಜಾರಿನ ದಿಮ್ಮಿ. ಬಾಯಿ ಮುಚ್ಚಿದರೆ ಇಳಿಜಾರಿನ ಮೇಲೆ ಇಳಿಜಾರು ಜಾರಿ ಕೆಳದವಡೆ ತಾನಾಗಿ ಮುಂದೆ ಬರುತ್ತದೆ. ಹಾಕಿಕೊಂಡೇ ಉಣ್ಣಬಹುದು, ನಾಲ್ಕು ದಿನ ತೊದಲಿದ ಮೇಲೆ ಮಾತಾಡಲೂಬಹುದು. ಮೇಷ್ಟ್ರಿಗೆ ಅದನ್ನು ಕಂಡರಾಗದು. "ಎರಡು ತುಂಡು ಮಾಡಿ ಕೊಡೋದಾದ್ರೆ ಒಡೆದು ಕೊಟ್ಟ ಹಾಗಾಯ್ತಲ್ಲ," ಎಂದು ಅವರ ವಾದ. ನಿಜವಾದ ತಕರಾರು ಬೇರೆ. ಒಂಟಿಕಟ್ಟಿನ ಒಳಗೋಡೆಯಲ್ಲಿ ಒಂದೊಂದು ಹಲ್ಲಿಗೂ ದಾರಿ ಬಿಟ್ಟು ಕೆತ್ತಲು ಕೈ ಪಳಗಿರಬೇಕು. ಜೋಡಿಕಟ್ಟನ್ನು ನಿನ್ನೆ ಮೊನ್ನೆ ಕಲಿತವರೂ ಮಾಡಿಬಿಡುತ್ತಾರೆ.

ಡಾಕ್ಟರಮ್ಮ ವಾದಕ್ಕೆ ಹೋಗಲಿಲ್ಲ. ಇಪ್ಪತ್ತು ಮಕ್ಕಳನ್ನು ಆರಿಸಿದರು. ಚೀಟಿ ಎತ್ತಿಸಿ ಹತ್ತು ಮಕ್ಕಳಿಗೆ ಒಂಟಿಕಟ್ಟು, ಹತ್ತಕ್ಕೆ ಜೋಡಿಕಟ್ಟು ಕೊಡಿಸಿದರು. ಎಲ್ಲವನ್ನೂ ಮೇಷ್ಟ್ರೇ ಮಾಡಬೇಕು, ಆರು ತಿಂಗಳಾದ ಮೇಲೆ ಹಲ್ಲಿನ ಮುಂದಿನ ಅಂತರ ಅಳೆಯಬೇಕು, ಯಾವುದು ಮೇಲೆಂದು ಕಂಡರೆ ಮುಂದೆ ಅದೇ. ಏಳನೇ ಚೀಟಿ ಎತ್ತಿದವಳು ಮೊಮ್ಮಗಳು. ಬಂದದ್ದು ಒಂಟಿಕಟ್ಟು. ಆ ದಿನ ಮೇಷ್ಟ್ರು ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದಿದ್ದರು.

ಇವತ್ತು ನಾಲ್ಕಕ್ಕೆ ಆ ಆರು ತಿಂಗಳ ಲೆಕ್ಕ. ಹತ್ತೊಂಬತ್ತು ಮಕ್ಕಳ ಅಳತೆ ಮುಗಿದಿತ್ತು. ಎಲ್ಲರದೂ ನಾಲ್ಕೋ ಐದೋ ಮಿಲಿಮೀಟರ್ ಇಳಿದಿತ್ತು. ಏಳನೇ ನಂಬರಿನ ಅಂತರ ಹತ್ತು ಮಿಲಿಮೀಟರ್ ಇದ್ದದ್ದು ಹೋದ ವಾರ ಒಂಬತ್ತಕ್ಕೆ ಬಂದಿತ್ತು. ಅಳೆಯುವಾಗ ಕೈ ನಡುಗಿದರೂ ಇಳಿಯುವಷ್ಟು.

ಮೇಷ್ಟ್ರು ಕಪಾಟು ತೆರೆದರು. ಇಪ್ಪತ್ತು ಡಬ್ಬಿಗಳು ನಂಬರಿನ ಪ್ರಕಾರ ಸಾಲಾಗಿ ಕೂತಿದ್ದವು. ಏಳನೆಯದನ್ನು ತೆಗೆದು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆಯದೆ ಸುಮ್ಮನೆ ನೋಡುತ್ತ ಕೂತರು. ಒಳಗೇನಿದೆ ಎಂದು ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಆ ದಿನ ಮೇಣ ಕಚ್ಚಿಸುವಾಗ ಅವರು ಪಕ್ಕದಲ್ಲೇ ನಿಂತಿದ್ದರು. ಡಾಕ್ಟರಮ್ಮ ದವಡೆಯನ್ನು ಏಳು ಮಿಲಿಮೀಟರ್ ಮುಂದೆ ತಂದು, ಫೈಲಿನಲ್ಲಿ ಏಳು ಎಂದು ಬರೆದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಬಾಯಿಂದ ಮೇಣ ತೆಗೆದ ಮೇಲೆ ಅವಳು ತಾತನ ಅಂಗಿ ಹಿಡಿದುಕೊಂಡು, "ತಾತ, ದಿನಾ ಹೀಗೇನಾ? ದವಡೆ ಕಳಚಿ ಬೀಳುತ್ತೆ ಅನ್ಸುತ್ತೆ," ಎಂದಳು. ಬೇರೆ ಮಕ್ಕಳು ಇದೇ ಮಾತು ಹೇಳಿದಾಗ ಮೇಷ್ಟ್ರು ನಗುತ್ತಿದ್ದರು. "ಬಿದ್ರೆ ಎತ್ತಿಕೊಡ್ತೀನಿ ಬಾ," ಎನ್ನುತ್ತಿದ್ದರು. ಆ ದಿನ ನಗು ಬರಲಿಲ್ಲ. ಕೋಣೆಗೆ ಬಂದು ಸ್ಪಿರಿಟ್ ದೀಪ ಹಚ್ಚಿದರು. ಮೇಣವನ್ನು ಅದರ ಮೇಲೆ ಒಂದೆರಡು ಸಲ ಆಡಿಸಿದರು. ಕೆಳಗಿನ ಅಚ್ಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಏಳು ಇದ್ದದ್ದು ಮೂರಾಯಿತು.

ಮೋಸ ಎಂದು ಅವರಿಗೆ ಆಗ ಅನ್ನಿಸಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮುಂದೆ ತರುವ ಪದ್ಧತಿಯೂ ಇದೆಯಲ್ಲ ಎಂದುಕೊಂಡರು. ಎರಡು ತಿಂಗಳು ಇದು ಅಭ್ಯಾಸವಾಗಲಿ, ಆಮೇಲೆ ಉಳಿದ ನಾಲ್ಕು ಸೇರಿಸಿದರಾಯಿತು. ಆದರೆ ಸೇರಿಸಬೇಕಾದರೆ ಡಾಕ್ಟರಮ್ಮನಿಗೆ ಹೇಳಬೇಕು. ಹೇಳಬೇಕಾದರೆ ಮೇಣ ಮುಟ್ಟಿದ್ದನ್ನು ಹೇಳಬೇಕು. ಇವತ್ತು ನಾಳೆ ಎನ್ನುತ್ತ ಆರು ತಿಂಗಳು ಸಂದವು. ಕಟ್ಟು ಕೊಡುವ ದಿನ ಡಾಕ್ಟರಮ್ಮ ರಜೆಯಲ್ಲಿದ್ದರು. ಸಹಾಯಕ ಡಾಕ್ಟರು, "ಮೇಷ್ಟ್ರ ಕೈಯಿಂದ ಬಂದದ್ದು, ನೋಡೋದೇನಿದೆ," ಎಂದು ಬಾಯಿಗೆ ಹಾಕಿಸಿ ಕಳಿಸಿದ್ದರು. ಆ ಮಾತಿಗೆ ಮೇಷ್ಟ್ರು ಮೀಸೆಯಡಿ ನಕ್ಕಿದ್ದರು ಕೂಡ.

ಹನ್ನೆರಡಕ್ಕೆ ಮಗಳ ಫೋನು.

"ಅಪ್ಪ, ನಾಲ್ಕಕ್ಕೆ ನಾನೂ ರಜೆ ಹಾಕಿ ಬರ್ತೀನಿ. ನಿನ್ನ ಮೊಮ್ಮಗಳ ಬಣ್ಣ ಇವತ್ತು ಎಲ್ಲರ ಮುಂದೆ ಬಯಲಾಗಲಿ. ಆಸ್ಪತ್ರೆಯವರು ಕೊಟ್ಟ ಗಂಟೆ ಚೀಟೀಲಿ ದಿನಾ ಹದಿನಾಲ್ಕು ಗಂಟೆ, ಹದಿನಾಲ್ಕು ಗಂಟೆ ಅಂತ ಬರೀತಾಳೆ. ಎರಡು ತಿಂಗಳಿಂದ ನಾನು ಸೈನ್ ಹಾಕೋದೇ ಬಿಟ್ಟಿದ್ದೀನಿ. ಸುಳ್ಳಿಗೆ ಯಾರು ಸೈನ್ ಹಾಕ್ತಾರೆ?"

"ಬೈಬೇಡಮ್ಮ ಅವಳನ್ನ."

"ನೀನೇ ಮುದ್ದು ಮಾಡಿ ಕೆಡಿಸಿದ್ದು."

ಈ ಮಾತು ಎಷ್ಟು ನಿಜವೆಂದು ಮಗಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಫೋನಿಟ್ಟರು.

ಡಬ್ಬಿಯ ಮುಚ್ಚಳ ತೆಗೆದರು. ಗುಲಾಬಿ ಬಣ್ಣದ ಮೇಣ, ಅದರ ಮೇಲೆ ಪುಟ್ಟ ಪುಟ್ಟ ಹಲ್ಲಿನ ಗುಣಿಗಳು. ಅಚ್ಚುಗಳ ನಡುವೆ ಇಟ್ಟು ಸ್ಕೇಲು ಹಿಡಿದರು. ಮೂರು. ಮೇಣವೇನೂ ಬದಲಾಗಿರಲಿಲ್ಲ, ಪುಣ್ಯಾತ್ಮ. ಆಗ ಅವರ ಕಣ್ಣು ಸ್ಪಿರಿಟ್ ದೀಪದ ಕಡೆ ಹೋಯಿತು.

ಎಷ್ಟು ಸುಲಭ. ದೀಪ ಹಚ್ಚಬೇಕು. ಮೇಣ ಬೆಚ್ಚಗಾಗಬೇಕು. ಅದೇ ಹೆಬ್ಬೆರಳು, ಈ ಸಲ ಮುಂದಕ್ಕೆ. ಮೂರು ಮತ್ತೆ ಏಳಾಗುತ್ತದೆ. ಡಾಕ್ಟರಮ್ಮ ಅಳೆದು, "ಸರಿ ಇದೆ," ಎಂದು ಬರೆದುಕೊಳ್ಳುತ್ತಾರೆ. ಹಾಗಾದರೆ ಕಟ್ಟು ಯಾಕೆ ಮೂರರಲ್ಲಿ ನಿಂತಿದೆ ಎಂದು ಕೇಳುವವರು ಯಾರು? ಆಸ್ಪತ್ರೆಯಲ್ಲಿ ಯಾರೂ ಅವರ ಕಟ್ಟನ್ನು ಅಳೆದವರಲ್ಲ. ಮಗು ಹಾಕಿಕೊಳ್ಳಲಿಲ್ಲ ಎಂದಾಗುತ್ತದೆ. ಮಕ್ಕಳು ಹಾಕಿಕೊಳ್ಳದಿರುವುದು ಲೋಕದಲ್ಲಿ ಇದೇ ಮೊದಲೇನಲ್ಲ. ಎಷ್ಟೋ ಕಟ್ಟುಗಳು ಹಾಸಿಗೆಯ ಅಡಿಯಲ್ಲಿ, ಶಾಲೆಯ ಚೀಲದ ತಳದಲ್ಲಿ, ಒಂದಂತೂ ನಾಯಿಯ ಬಾಯಲ್ಲಿ ಸಿಕ್ಕಿದ್ದನ್ನು ಅವರೇ ಕಂಡಿದ್ದರು.

ದೀಪ ಹಚ್ಚಿದರು. ಕಡ್ಡಿ ಮೂರು ಸಲ ಗೀರಬೇಕಾಯಿತು.

ಮೇಣವನ್ನು ಜ್ವಾಲೆಗೆ ಇನ್ನೂ ಒಡ್ಡಿರಲಿಲ್ಲ, ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದಾಯಿತು.

"ಹಾಹ," ಎಂದಿತು ಒಂದು ದನಿ.

ಒಂಟಿಕಟ್ಟು ಬಾಯಲ್ಲಿದ್ದರೆ ನಾಲಿಗೆಗೆ ಹಲ್ಲು ಸಿಗುವುದಿಲ್ಲ. ತಾತ ಎಂದರೆ ಹಾಹ ಎಂದೇ ಬರುತ್ತದೆ. ಆರು ತಿಂಗಳಿಂದ ಸಂಜೆಯಾದರೆ ಮೇಷ್ಟ್ರು ಈ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದ್ದರು. ನೆರೆಯವರು ಹುಡುಗಿ ತಾತನನ್ನು ಕಂಡು ನಗುತ್ತಿದ್ದಾಳೆ ಎಂದುಕೊಂಡಿದ್ದರು.

ಶಾಲೆ ಅರ್ಧ ದಿನ ಮುಗಿಸಿ ಬಂದಿದ್ದಳು. ಹಗಲಲ್ಲೂ ಕಟ್ಟು ಹಾಕಿಕೊಂಡಿದ್ದಳು, ಇವತ್ತು ಒಂದು ದಿನ ಜಾಸ್ತಿ ಹಾಕಿಕೊಂಡರೆ ನಾಲ್ಕು ಗಂಟೆಯೊಳಗೆ ದವಡೆಗೆ ಬುದ್ಧಿ ಬಂದೀತೇನೋ ಎಂಬಂತೆ. ಎತ್ತರದ ಸ್ಟೂಲಿನ ಮೇಲೆ ಕೂತು, ಕಟ್ಟನ್ನು ಅಂಗೈಗೆ ತೆಗೆದುಕೊಂಡು, ಕರ್ಚೀಫಿನಿಂದ ಬಾಯಿ ಒರೆಸಿಕೊಂಡಳು.

"ತಾತ, ನಾಲ್ಕು ಗಂಟೆಗೆ ಒಂದು ಮಾತು ಹೇಳ್ತೀಯಾ?"

"ಏನು ಪುಟ್ಟಿ?"

"ನಾನು ಹಾಕ್ಕೊಂಡಿದ್ದೆ ಅಂತ. ನೀನು ದಿನಾ ನೋಡಿದ್ದೀಯಲ್ಲ. ಅಮ್ಮ ಬರೋದು ಎಂಟು ಗಂಟೆಗೆ. ಊಟಕ್ಕೆ ಅಂತ ತೆಗೆದಿಟ್ಟಿರ್ತೀನಿ, ಅದನ್ನೇ ನೋಡ್ತಾಳೆ. ಆಮೇಲೆ ಹಾಕ್ಕೊಂಡ್ರೂ ನನಗೆ ತೋರಿಸೋಕೆ ಅಂತಾಳೆ. ಹಲ್ಲು ಸುಳ್ಳು ಹೇಳಲ್ಲ, ನೀನು ಹೇಳ್ತೀಯ ಅಂತಾಳೆ."

ಮೇಷ್ಟ್ರು ದೀಪವನ್ನು ಡಬ್ಬಿಯ ಹಿಂದೆ ಸರಿಸಿದರು.

"ಡಾಕ್ಟ್ರು ನನ್ನ ಹೆಸರು ಹೊಡೆದು ಹಾಕ್ತಾರಂತೆ. ಹಾಕ್ಕೊಳ್ಳದೇ ಇರೋರಿಗೆ ಇನ್ನೊಂದು ಕಟ್ಟು ಕೊಡಲ್ಲ, ದೊಡ್ಡವಳಾದ ಮೇಲೆ ಆಪರೇಷನ್ ಮಾಡಿಸ್ಕೊ ಅಂತಾರಂತೆ. ಆಪರೇಷನ್‌ಗೆ ಹೆದರಿಕೆ ಇಲ್ಲ ತಾತ." ಅವಳು ಸ್ವಲ್ಪ ಹೊತ್ತು ಸ್ಟೂಲಿನ ಕಾಲಿಗೆ ಕಾಲು ಬಡಿದಳು. "ನಾಟಕದಲ್ಲಿ ನನಗೆ ರಾಣಿ ಪಾರ್ಟ್ ಕೊಟ್ಟಿದ್ರು. ಸಂಜೆ ಪ್ರಾಕ್ಟೀಸು. ಕಟ್ಟು ತೆಗೆದರೆ ಗಂಟೆ ಕಮ್ಮಿ ಆಗುತ್ತೆ ಅಂತ ಬೇಡ ಅಂದೆ. ಅರಮನೆ ಬಾಗಿಲಾದೆ. ಬಾಗಿಲಿಗೆ ಮಾತಿರಲ್ಲ. ರಾಣಿ ಬಂದಾಗೆಲ್ಲ ತೆರ್ಕೊಂಡೆ, ಹೋದಾಗೆಲ್ಲ ಮುಚ್ಕೊಂಡೆ. ಸುಳ್ಳು ಹೇಳೋಳು ಯಾರಾದ್ರೂ ಬಾಗಿಲಾಗ್ತಾಳಾ?"

ನಾಟಕ ನೋಡಲು ಮೇಷ್ಟ್ರು ಹೋಗಿದ್ದರು. ಮುಂದಿನ ಸಾಲಿನಲ್ಲಿ ಕೂತು, ಬಾಗಿಲಿಗೆ ಚಪ್ಪಾಳೆ ತಟ್ಟಿದವರು ಅವರೊಬ್ಬರೇ. ರಾಣಿಯ ಪಾರ್ಟು ಬಿಟ್ಟ ವಿಷಯ ಈಗಲೇ ಕಿವಿಗೆ ಬಿದ್ದದ್ದು.

"ಹೇಳ್ತೀಯಾ ತಾತ?"

"ಹೇಳ್ತೀನಿ," ಎಂದರು. ಅವರ ಬಾಯಿಂದ ಹೊರಟ ಅತಿ ಚಿಕ್ಕ ಉತ್ತರ ಅದು. ಪಾಠವಿಲ್ಲದ ತಾತನನ್ನು ಕಂಡು ಹುಡುಗಿಗೇ ಗಾಬರಿಯಾಗಿ, "ಮೈಗೆ ಹುಷಾರಿಲ್ವಾ?" ಎಂದಳು.

ಅವಳು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ದೀಪ ಇನ್ನೂ ಉರಿಯುತ್ತಿತ್ತು. ಮೇಷ್ಟ್ರು ಮೇಣವನ್ನು ಕೈಗೆತ್ತಿಕೊಂಡರು. ಹಾಹನ ಸಾಕ್ಷಿ ಸಾಕಲ್ಲ ಎಂದು ಒಂದು ಮನಸ್ಸು ಹೇಳಿತು. ಹಾಕಿಕೊಂಡಿದ್ದಳು, ನಾನು ನೋಡಿದ್ದೇನೆ, ಆದರೂ ಯಾಕೋ ದವಡೆ ಬರಲಿಲ್ಲ ಎಂದರೆ ಮುಗಿಯಿತು. ಆದರೆ ಮೊಮ್ಮಗಳ ಪರ ಮಾತಾಡುವ ತಾತನ ಮಾತನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಏಳು ಎಂದು ತೋರಿಸುವ ಮೇಣ ಒಂದು ಕಡೆ, ಹದಿನಾಲ್ಕು ಎಂದು ಬರೆದ ಚೀಟಿ ಒಂದು ಕಡೆ ಇಟ್ಟರೆ, ಸುಳ್ಳಾಗುವುದು ಚೀಟಿಯೇ. ಒಂದನ್ನು ಉಳಿಸಬೇಕಾದರೆ ಇನ್ನೊಂದನ್ನು ಕಳೆಯಬೇಕು. ಇಷ್ಟು ಸಣ್ಣ ಲೆಕ್ಕಕ್ಕೆ ಮೇಷ್ಟ್ರು ಬೆವರಿನಲ್ಲಿ ತೊಯ್ದು ಹೋದರು.

ದೀಪಕ್ಕೆ ಮುಚ್ಚಳ ಹಾಕಿ ಆರಿಸಿದರು.

ನಾಲ್ಕು ಗಂಟೆಗೆ ಆಸ್ಪತ್ರೆಯ ಒಳಕೋಣೆಯಲ್ಲಿ ನಾಲ್ಕು ಜನ. ಕುರ್ಚಿಯಲ್ಲಿ ಹುಡುಗಿ, ಮೂಲೆಯಲ್ಲಿ ಕೈಚೀಲ ತಬ್ಬಿಕೊಂಡು ಅವಳಮ್ಮ, ಮೇಜಿನ ಆಚೆ ಡಾಕ್ಟರಮ್ಮ, ಈಚೆ ಮೇಷ್ಟ್ರು. ಡಬ್ಬಿ ಅವರ ತೊಡೆಯ ಮೇಲಿತ್ತು. ಅಂಥ ಪುಟ್ಟ ಡಬ್ಬಿ ಅಷ್ಟು ಭಾರವಿದ್ದೀತೆಂದು ಅವರಿಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಸ್ಕೇಲು ಹಿಡಿದು ಮತ್ತೊಮ್ಮೆ ಅಳೆದರು. "ಒಂಬತ್ತೇ," ಎಂದರು. ಹುಡುಗಿಯ ಕಡೆ ತಿರುಗಿ, ಬೈಗುಳವಿಲ್ಲದ ದನಿಯಲ್ಲಿ ಹೇಳಿದರು: "ನೋಡು ಪುಟ್ಟ, ಇದನ್ನ ನಾನೂ ಹಾಕ್ಕೊಂಡಿದ್ದೆ. ಎಷ್ಟು ಹಿಂಸೆ ಅಂತ ಗೊತ್ತು. ಹಾಕ್ಕೊಳ್ಳಲಿಲ್ಲ ಅಂದ್ರೆ ಹೇಳಿಬಿಡು, ಯಾರೂ ಹೊಡೆಯಲ್ಲ. ಸುಳ್ಳು ಬರೆದ್ರೆ ಮಾತ್ರ ಬೇರೆ ಮಕ್ಕಳ ಲೆಕ್ಕಾನೂ ಕೆಡುತ್ತೆ."

ಹುಡುಗಿ ತಾತನ ಕಡೆ ನೋಡಿದಳು.

"ಕೇಳ್ತಿದ್ದಾರಲ್ಲ, ಹೇಳು," ಎಂದಳು ಅಮ್ಮ.

"ಅವಳೇನು ಹೇಳ್ತಾಳೆ," ಎಂದು ಮೇಷ್ಟ್ರು ಎದ್ದರು. ಡಬ್ಬಿ ತೆರೆದು, ಮೇಲಿನ ಅಚ್ಚು, ಕೆಳಗಿನ ಅಚ್ಚು, ನಡುವೆ ಮೇಣ, ಮೂರನ್ನೂ ಜೋಡಿಸಿ ಮೇಜಿನ ಮೇಲಿಟ್ಟರು. "ಇದನ್ನ ಅಳೀರಿ ಡಾಕ್ಟ್ರೇ."

"ಇರಲಿ ಬಿಡಿ ಮೇಷ್ಟ್ರೇ, ನಿಮ್ಮ ಕೈ..."

"ನನ್ನ ಕೈ ಅಂತಾನೇ ಅಳೀರಿ ಅಂದದ್ದು."

ಡಾಕ್ಟರಮ್ಮ ಅಳೆದರು. ಫೈಲು ನೋಡಿದರು. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಅಳೆದರು.

"ಮೂರಿದೆ. ನಾನು ಏಳು ಬರೆದಿದ್ದೀನಿ."

"ನೀವು ಕೊಟ್ಟದ್ದು ಏಳೇ. ನಾಲ್ಕು ನಾನು ತೆಗೆದೆ."

"ಬಿಸಿಲಿಗೆ ಏನಾದ್ರೂ..."

"ಬಿಸಿಲಲ್ಲ. ದೀಪ. ನಾನೇ ಹಚ್ಚಿದ್ದು." ಮೇಷ್ಟ್ರು ನಿಂತೇ ಇದ್ದರು. ಬಾಯಿಗೆ ಒಂಟಿಕಟ್ಟು ಹಾಕಿಕೊಂಡವರಂತೆ ಮಾತು ಒಂದೊಂದೇ ಬಂತು. "ಅವಳು ಅತ್ತಳು. ನೋಡೋಕಾಗಲಿಲ್ಲ. ಬೇರೆಯವರ ಮಕ್ಕಳು ಅತ್ತಾಗ ನೋಡೋಕಾಗಿತ್ತು. ಆಮೇಲೆ ಸೇರಿಸೋಣ ಅಂದ್ಕೊಂಡೆ, ಹೇಳೋಕೆ ಬಾಯಿ ಬರಲಿಲ್ಲ. ಅವಳು ಒಂದು ದಿನಾನೂ ತಪ್ಪಿಸಿಲ್ಲ. ಆರು ತಿಂಗಳು ಏನೂ ಕೆಲಸ ಮಾಡದ ಪ್ಲಾಸ್ಟಿಕ್ ಗಟ್ಟೀನ ನಿಯತ್ತಾಗಿ ಕಚ್ಕೊಂಡು ಮಲಗಿದ್ದಾಳೆ. ಸುಳ್ಳು ಚೀಟೀದಲ್ಲ. ಮೇಣದ್ದು."

ಮೂಲೆಯಲ್ಲಿ ಕೈಚೀಲ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ಡಾಕ್ಟರಮ್ಮ ಕೂಗಾಡಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು. "ಕಟ್ಟು ಹಾಕಿದ ಮೇಲೆ ದವಡೆ ಎಲ್ಲಿ ನಿಲ್ಲುತ್ತೆ ಅಂತ ನಾನೇ ನೋಡಬೇಕಿತ್ತು. ಆರು ತಿಂಗಳಲ್ಲಿ ಒಂದು ಸಲಾನೂ ನೋಡಲಿಲ್ಲ. ನಿಮ್ಮ ಕೈ ಅಂತ," ಎಂದರು. ಆಮೇಲೆ ನೆಲ ನೋಡುತ್ತ ಕೇಳಿದರು: "ಉಳಿದ ಹತ್ತೊಂಬತ್ತು?"

ಈ ಪ್ರಶ್ನೆ ಬರುತ್ತದೆಂದು ಮೇಷ್ಟ್ರು ಯೋಚಿಸಿಯೇ ಇರಲಿಲ್ಲ. ಒಂದು ಡಬ್ಬಿ ತೆರೆದರೆ ಇಪ್ಪತ್ತೂ ತೆರೆದ ಹಾಗೆ.

"ಸರಿ ಇವೆ."

"ಹಾಗಂತ ಈಗ ನಾನು ಬರ್ಕೊಳ್ಳೋಕಾಗಲ್ಲ ಮೇಷ್ಟ್ರೇ."

"ಇಲ್ಲ, ಆಗಲ್ಲ," ಎಂದು ಅವರೂ ಒಪ್ಪಿದರು.

ಎರಡು ಬೀದಿ ಆಚೆಗಿನ ಕೋಣೆಯಿಂದ ಹತ್ತೊಂಬತ್ತು ಡಬ್ಬಿಗಳನ್ನು ಎರಡು ಚೀಲಗಳಲ್ಲಿ ಹೊತ್ತು ತಂದರು. ಮಗಳು ಒಂದು ಚೀಲ ತೆಗೆದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. ಡಾಕ್ಟರಮ್ಮ ಒಂದೊಂದೇ ಡಬ್ಬಿ ಬಿಚ್ಚಿ, ಜೋಡಿಸಿ, ಅಳೆದು, ಫೈಲಿಗೆ ಹೋಲಿಸಿದರು. ಒಂದು ಕಾಲಕ್ಕೆ ತಾವೇ ಕಟ್ಟು ಮಾಡಿಕೊಟ್ಟಿದ್ದ ಡಾಕ್ಟರಮ್ಮನ ಮುಂದೆ ಮೇಷ್ಟ್ರು ಪರೀಕ್ಷೆಗೆ ಕೂತ ಮಗುವಿನಂತೆ ಕೈ ಕಟ್ಟಿ ಕೂತಿದ್ದರು. ಮೊದಲನೆಯದು ಆರಕ್ಕೆ ಆರು. ಎರಡನೆಯದು ಏಳಕ್ಕೆ ಏಳು. ಎಂಟನೇ ಡಬ್ಬಿಯ ಮೇಲೆ ಸ್ಕೇಲು ಸ್ವಲ್ಪ ಹೊತ್ತು ನಿಂತಿತು. ಆ ಮಗು ಯಾವುದು, ಅತ್ತಿತ್ತೇ, ತನಗೇ ತಿಳಿಯದಂತೆ ಕೈ ಎಲ್ಲಾದರೂ ಮೆತ್ತಗಾಗಿತ್ತೇ ಎಂದು ಮೇಷ್ಟ್ರು ನೆನಪಿನಲ್ಲಿ ಹುಡುಕಾಡಿದರು. ತಮ್ಮ ಕೈಯನ್ನು ತಾವೇ ನಂಬದೆ ಕೂತದ್ದು ಅವರ ಬಾಳಿನಲ್ಲಿ ಅದೇ ಮೊದಲು.

"ಅರ್ಧ ಮಿಲಿಮೀಟರ್ ವ್ಯತ್ಯಾಸ. ಅದು ನಂದೇ ಇರಬಹುದು," ಎಂದರು ಡಾಕ್ಟರಮ್ಮ, ಮುಂದಕ್ಕೆ ಹೋದರು.

ಇಪ್ಪತ್ತನೆಯದು ಮುಗಿಯುವಾಗ ಆರು ಗಂಟೆ ಹೊಡೆದಿತ್ತು. ಹತ್ತೊಂಬತ್ತೂ ಸರಿ ಇದ್ದವು.

ಏಳನೇ ನಂಬರನ್ನು ಲೆಕ್ಕದಿಂದ ತೆಗೆದು ಮತ್ತೆ ಸರಾಸರಿ ಹಾಕಿದರು. ಜೋಡಿಕಟ್ಟಿನ ಮಕ್ಕಳ ಅಂತರ ಬೇಗ ಇಳಿದಿತ್ತು, ಆದರೆ ಹತ್ತರಲ್ಲಿ ಮೂವರು ದಿಮ್ಮಿ ಒಡೆದುಕೊಂಡು ಬಂದಿದ್ದರು. ಒಂಟಿಕಟ್ಟಿನ ಮಕ್ಕಳದು ಕೂದಲೆಳೆಯಷ್ಟು ಹಿಂದೆ. ದವಡೆಯ ಮಟ್ಟಿಗೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಎರಡೂ, ಹಾಕಿಕೊಂಡ ಮಕ್ಕಳಿಗೆಲ್ಲ ಕೆಲಸ ಮಾಡಿದ್ದವು. ಒಂಟಿಕಟ್ಟು ಹಳೆಯದಾದರೂ ಸೋತಿಲ್ಲ ಎಂದು ಮೇಷ್ಟ್ರು ಮೊದಲಿನಿಂದ ಹೇಳುತ್ತ ಬಂದದ್ದು ನಿಜವಾಗಿತ್ತು. ಮೇಜಿನ ಮೇಲೆ ಕಾಗದದಲ್ಲಿ ಬರೆದಿತ್ತು. ಬೆನ್ನು ತಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಇರಲಾರದು. ಅವರು ಆ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ.

"ಇವಳಿಗೆ?" ಎಂದು ಕೇಳಿದರು.

"ಬೆಳೆಯೋ ವಯಸ್ಸು ಇನ್ನೂ ಒಂದು ವರ್ಷ ಇರಬಹುದು, ಇಲ್ಲದೇನೂ ಇರಬಹುದು. ಆರು ತಿಂಗಳು ಹೋಯ್ತಲ್ಲ. ಇಡೀ ದಿನ ಹಾಕ್ಕೊಳ್ಳೋ ಅಂಥದ್ದು ಬೇಕು. ಜೋಡಿಕಟ್ಟು. ಕಚ್ಚು ನಾನು ತೆಗೀತೀನಿ. ಮಾಡೋದು..." ಡಾಕ್ಟರಮ್ಮ ತಡೆದರು.

"ಇವಳದು ಬೇರೆ ಯಾರಾದ್ರೂ ಮಾಡಲಿ," ಎಂದರು ಮೇಷ್ಟ್ರು.

"ತಾತಾನೇ ಮಾಡಲಿ," ಎಂದಳು ಹುಡುಗಿ. ಎರಡು ಗಂಟೆಯಲ್ಲಿ ಅವಳ ಮೊದಲ ಮಾತು ಅದು. ದನಿಯಲ್ಲಿ ಕ್ಷಮೆಯೇನೂ ಇರಲಿಲ್ಲ. "ಆಮೇಲೆ ಡಾಕ್ಟ್ರು ಅಳೀಲಿ."

ಡಾಕ್ಟರಮ್ಮ ಮೇಣ ಬೆಚ್ಚಗೆ ಮಾಡಿ, ಹುಡುಗಿಯ ಗದ್ದ ಹಿಡಿದು ಮುಂದೆ ತಂದರು. "ಇನ್ನೂ ಸ್ವಲ್ಪ. ಇನ್ನೂ. ಕಚ್ಚು." ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಮೇಷ್ಟ್ರು ಗೋಡೆಯ ಕಡೆ ತಿರುಗಬೇಕೆಂದುಕೊಂಡರು. ತಿರುಗಲಿಲ್ಲ. ಮೇಣ ಆರುವ ತನಕ ನೋಡುತ್ತಲೇ ನಿಂತರು.

ಹೊರಗೆ, ಬೆಂಚಿನ ಮೇಲೆ, ಮಗಳು ಗಂಟೆ ಚೀಟಿಯನ್ನು ಮೊಣಕಾಲ ಮೇಲೆ ಹರಡಿಕೊಂಡಿದ್ದಳು. ಖಾಲಿ ಬಿಟ್ಟಿದ್ದ ಎರಡು ತಿಂಗಳ ಸಾಲುಗಳಿಗೆ, ಒಂದೊಂದಕ್ಕೂ ಪೂರ್ತಿ ಹೆಸರಿನಿಂದ, ಸೈನ್ ಹಾಕುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು, "ಹದಿನೇಳನೇ ತಾರೀಕು ಬಿಟ್ಟೆ," ಎಂದು ಬೆರಳಿಟ್ಟು ತೋರಿಸಿದಳು. ಅಮ್ಮ ಅದಕ್ಕೂ ಹಾಕಿದಳು.

ಮುಂದಿನ ಮೂರು ದಿನ ಮೇಷ್ಟ್ರು ಜೋಡಿಕಟ್ಟು ಮಾಡಿದರು. ತಾವು ಇಷ್ಟು ದಿನ ಆಡಿಕೊಂಡ ಆ ಇಳಿಜಾರಿನ ದಿಮ್ಮಿಗಳನ್ನು ನಾಲ್ಕು ಸಲ ಕೆತ್ತಿ, ನಾಲ್ಕು ಸಲ ಕಿತ್ತು ಹಾಕಿದರು. ಮೇಣದ ಹತ್ತಿರ ಹೋಗುವ ಮೊದಲು ಸ್ಪಿರಿಟ್ ದೀಪವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಹಿತ್ತಲಿನ ಗೂಟಕ್ಕೆ ನೇತುಹಾಕಿ ಬಂದರು. ಡಾಕ್ಟರಮ್ಮ ಹುಡುಗಿಯ ಬಾಯಲ್ಲಿ ಕಟ್ಟನ್ನು ಅಳೆದರು. ಏಳು.

ಆ ಸಂಜೆ ಹುಡುಗಿ ಕೋಣೆಗೆ ಬಂದು ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದಳು. ಮೇಷ್ಟ್ರು ತಲೆ ಎತ್ತಿದಾಗ ಅವಳ ಕೈಯಲ್ಲಿ ಬಣ್ಣದ ಪೆನ್ನಿತ್ತು.

"ಥಾಥ," ಎಂದಳು. ಹಾಹನಿಂದ ಥಾಥನಿಗೆ ಬಡ್ತಿಯಾಗಿತ್ತು. "ಓದು ಬಾ."

ಎದ್ದು ಹೋಗಿ ಓದಿದರು. ಫಲಕದಲ್ಲಿ "ಬಿಸಿಲಿನಲ್ಲಿ" ಎಂಬ ಪದದ ಮುಂದೆ ಸೇರಿಸುವ ಗುರುತು ಹಾಕಿ, ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಳು: "ತಾತನ ಹತ್ತಿರವೂ." ಅಕ್ಷರ ಸೊಟ್ಟಗಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಫಲಕದ ವಿಷಯದಲ್ಲಿ ಅವರ ಬಿಗಿ ಎಲ್ಲರಿಗೂ ಗೊತ್ತಿದ್ದದ್ದೇ.

"ಬೇರೆಯವರು ಓದಿದ್ರೆ?" ಎಂದರು.

"ಓದದೆ ಒಳಗೆ ಬಂದ್ರೆ ವಾಪಸ್ ಕಳಿಸ್ತೀಯಲ್ಲ," ಎಂದಳು ಅವಳು ತೊದಲುತ್ತ.

ಮರುದಿನ ಬೆಳಗ್ಗೆ ಮೊದಲು ಬಂದ ಗಿರಾಕಿ ಬಾಗಿಲಲ್ಲಿ ನಿಂತು ಓದಿ, "ಇದೇನು ಮೇಷ್ಟ್ರೇ?" ಎಂದು ಕೇಳಿದ. ಮೇಷ್ಟ್ರು ಬಾಯಿ ತೆರೆದರು. ಗಿರಾಕಿ ಪಾಠಕ್ಕೆ ಸಿದ್ಧನಾಗಿ ಗೋಡೆಗೆ ಒರಗಿಕೊಂಡ.

"ಬರೆದ ಹಾಗೇ," ಎಂದು ಹೇಳಿ ಮೇಷ್ಟ್ರು ಚಕ್ರ ತಿರುಗಿಸಿದರು.